ಹಾಲಿನೊಳಗಿನ ಸಕ್ಕರೆ, ವ್ರತ ಹಿಡಿದ ಎಮ್ಮೆ

ಎಮ್ಮೆಗೆ ವ್ರತ ಹಿಡಿಸಿದವರನ್ನು ನೀವು ಕಂಡಿದ್ದೀರಾ? ಕಂಡಿರಲಾರಿರಿ. ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಆಕೆಯ ಕೈಯಲ್ಲೇ ಬೆಳೆದಿದ್ದೇನೆ! ಆಕೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ರಾಮದುರ್ಗಕ್ಕೆ ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಮತ್ತು ಒಂದು ಎಮ್ಮೆಯೊಡನೆ ಬೈಲಹೊಂಗಲದ ನಮ್ಮ ಮನೆಗೆ ವಾಪಸು ಬಂದಳು. ಟ್ರಂಕು ಅಟ್ಟ ಸೇರಿತು. ಅತ್ತೆ ಮತ್ತು ಎಮ್ಮೆ ಸೇರಿ ಮನೆಯ ಕಾರಭಾರ ಹಿಡಿದರು.

ಈ ಅತ್ತೆ ಸಕ್ಕರೆ ತಿನ್ನುತ್ತಿರಲಿಲ್ಲ. ಸವದತ್ತಿ ಗುಡ್ಡದ ಎಲ್ಲಮ್ಮನಿಗೆ ಏನೋ ಬೇಡಿಕೊಂಡು ಬಿಟ್ಟಿದ್ದಳಂತೆ. ನಮ್ಮ ಕಡೆ ಇದೇನು ಹೊಸದಲ್ಲ. ಹರಕೆ ಹೊತ್ತವರು ತಮಗೆ ಬಲು ಇಷ್ಟವಾದ ಒಂದು ತಿನಿಸನ್ನು ದೇವರಿಗೆ ಬಿಟ್ಟುಕೊಡುತ್ತಾರೆ. ಜಾಣರಾದವರು ಹಾಗಲಕಾಯಿ ಬಿಡುತ್ತಾರೆ! ಅತ್ತೆಗೆ ಆ ಜಾಣತನವಿರಲಿಲ್ಲ. ಆಕೆ ಹುಡುಗಿಯಾಗಿದ್ದಾಗ ಸಕ್ಕರೆ ಡಬ್ಬಿಯ ಕಾವಲಿಗೆ ಅಜ್ಜಿ ಖುದ್ದು ಕೂರಬೇಕಾಗುತ್ತಿತ್ತಂತೆ. ಗಂಡನ ಮನೆಗೆ ಹೊರಟಾಗಲೂ ಸೆರಗಿನ ತುದಿಯಲ್ಲಿ ಸಕ್ಕರೆ ಗಂಟು ಕಟ್ಟಿಕೊಂಡು, ರಾಮದುರ್ಗ ಬರುವವರೆಗೂ ಚಕ್ಕಡಿಯಲ್ಲಿ ಅಳುತ್ತ ಸಕ್ಕರೆ ಮುಕ್ಕುತ್ತ, ಮುಕ್ಕುತ್ತ ಅಳುತ್ತ ಹೋದವಳು. ಅಂಥವಳು ಸಕ್ಕರೆಯನ್ನೇ ಬಿಟ್ಟಳು. ಯಾಕೆ ಎಂದು ಕೇಳಿದರೆ, "ಅದು ನನಗೂ ಆಕಿಗೂ ಆದ ಮಾತ. ನಡುವ ನಿಂದೇನು?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಬಿಟ್ಟದ್ದು ಸಕ್ಕರೆ ಮಾತ್ರ ಎಂದುಕೊಂಡಿರೇನು? ಬೆಲ್ಲ ಸಕ್ಕರೆಯ ತಾಯಿಯಂತೆ, ಕಬ್ಬು ಅಜ್ಜಿಯಂತೆ. ಇಡೀ ಬಳಗವನ್ನೇ ಬಿಟ್ಟಳು. ಹೋಳಿಗೆ ಮಾಡಿದ ದಿನ ಹೂರಣವನ್ನೆಲ್ಲ ಕೆರೆದು ನನ್ನ ತಾಟಿಗೆ ಹಾಕಿ, ಬರೀ ಕಣಕದ ಸಿಪ್ಪೆಯನ್ನು ಖಾರದ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಸಕ್ಕರೆಯ ಹೆಸರನ್ನೂ ಎತ್ತುತ್ತಿರಲಿಲ್ಲ, "ಅದು" ಎನ್ನುವಳು. ಪೇಟೆಯಲ್ಲಿ ಮಿಠಾಯಿ ಅಂಗಡಿ ಬಂದರೆ ಮೂಗಿಗೆ ಸೆರಗು ಹಿಡಿದು ಬೀದಿಯ ಆ ಬದಿಗೆ ದಾಟುವಳು. ವಾಸನೆಯೂ ಹೊಟ್ಟೆಗೆ ಹೋಗುತ್ತದೆ ಎಂಬುದು ಆಕೆಯ ಸಿದ್ಧಾಂತ.

ಇನ್ನೊಂದು ಹುಚ್ಚು ಇತ್ತು. ನಾನು ಕಂಡಲ್ಲೆಲ್ಲ ನನ್ನ ಹಣೆಯ ಮೇಲೆ ಅಂಗೈ ಒತ್ತುವುದು! ಏಳುವಾಗ, ಉಣ್ಣುವಾಗ, ಗೋಲಿ ಆಡುವಾಗ. ಒಮ್ಮೆಯಂತೂ ಸಾಲಿಯ ಕಿಟಕಿಯೊಳಗಿಂದ ಕೈ ತೂರಿಸಿ, ಪಾಠ ನಡೆದಿರುವಾಗಲೇ ಹಣೆ ಮುಟ್ಟಿ ಹೋದಳು. ಗೆಳೆಯರು ನನಗೆ ಇಟ್ಟ ಹೆಸರು ಇಲ್ಲಿ ಬೇಡ.

ಆಕೆಗೆ ಉಳಿದದ್ದು ಒಂದೇ ಸುಖ. ಸಂಜೆ ಎಮ್ಮೆ ಕರೆದ ಮೇಲೆ ಕೊಟ್ಟಿಗೆಯ ಕಟ್ಟೆಗೆ ಒರಗಿ, ಕಾಸಿದ ಹಾಲನ್ನು ಹಿತ್ತಾಳೆ ಲೋಟದಲ್ಲಿ ಊದಿ ಊದಿ ಕುಡಿಯುವುದು. ಆಗ ಮನೆಗೆ ಕಲೆಕ್ಟರ್ ಸಾಹೇಬರೇ ಬಂದರೂ ಆಕೆ ಏಳುತ್ತಿರಲಿಲ್ಲ.

ಹೀಗಿರಲಾಗಿ ನಮ್ಮ ಇಂಗ್ಲಿಷ್ ಸಾಲಿಗೆ ಧಾರವಾಡದಿಂದ ಹೊಸ ಮಾಸ್ತರರು ಬಂದರು. ರಸಾಯನಶಾಸ್ತ್ರವೆಂದರೆ ಅವರಿಗೆ ಪ್ರಾಣ. ಸಾಲಿಯ ತಪಾಸಣೆಗೆ ಇನ್ಸ್ಪೆಕ್ಟರ್ ಸಾಹೇಬರು ಬರುವುದರೊಳಗೆ ಪ್ರತಿಯೊಬ್ಬನೂ ಮನೆಯ ಪದಾರ್ಥವೊಂದರಿಂದ ಏನಾದರೂ ಬೇರ್ಪಡಿಸಿ ತರಬೇಕು ಎಂದು ಕಟ್ಟಪ್ಪಣೆ ಮಾಡಿದರು. ಒಬ್ಬನಿಗೆ ಸವಳು ಮಣ್ಣಿನ ಉಪ್ಪು ಬಂತು, ಇನ್ನೊಬ್ಬನಿಗೆ ಅರಿಸಿನದ ಬಣ್ಣ. ನನ್ನ ಪಾಲಿಗೆ ಹಾಲಿನೊಳಗಿನ ಸಕ್ಕರೆ!

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆಯ ಲೋಟ ತುಟಿಯ ಹತ್ತಿರವೇ ನಿಂತಿತು. ಹಾಲನ್ನು ಕಟ್ಟೆಯ ಮೇಲಿಟ್ಟು, ಸೆರಗು ಬಿಗಿದು, ಮರುದಿನ ಮುಂಜಾನೆ ಸಾಲಿಗೇ ನಡೆದಳು.

"ನಮ್ಮ ಎಮ್ಮಿ ಹಾಲಿಗೆ ಅದನ್ನ ಯಾರು ಹಾಕ್ಯಾರ್ರಿ ಮಾಸ್ತರ?"

"ಯಾರೂ ಹಾಕಿಲ್ರಿ ಅವ್ವಾರ. ಅದು ಹಾಲಿನಾಗ ಮೊದಲಿಂದನೂ ಇರತೈತ್ರಿ."

"ನಾ ಎದುರಿಗೇ ನಿಂತು ಹಾಲು ಕರಸ್ತೇನ್ರಿ. ಅದರ ಒಂದು ಕಾಳು ಸೈತ ಬಿದ್ದಿಲ್ಲ!"

"ಕಣ್ಣಿಗೆ ಕಾಣಂಗಿಲ್ರಿ ಅದು. ನಿಮ್ಮ ಹುಡುಗನೇ ತಗದು ತೋರಸ್ತಾನ, ತಡೀರಿ."

"ತೋರಸ್ಲಿ. ತೋರಸೂತನಕ ನಾ ಒಂದು ಗುಟಕ ಕುಡಿಯಂಗಿಲ್ಲ."

ಅಲ್ಲಿಗೆ ಅತ್ತೆಯ ಹಾಲು ನಿಂತಿತು, ಅದು ನನ್ನ ತಲೆಗೆ ಬಂತು. ಹಾಲಿನಲ್ಲಿ ಸಕ್ಕರೆ ಇದ್ದರೆ ಇಷ್ಟು ವರ್ಷದ ಹರಕೆ ಮುರಿದಂತೆ. ಇಲ್ಲದಿದ್ದರೆ ನಾನು ರಸಾಯನಶಾಸ್ತ್ರದಲ್ಲಿ ನಪಾಸು. ಯಾವ ಕಡೆ ಹೋಗಲಿ ಹೇಳಿ?

ಅತ್ತೆ ಸುಮ್ಮನೆ ಕೂರುವವಳಲ್ಲ. ಎಮ್ಮೆ ಕಬ್ಬಿನ ಸೋಗೆ ತಿನ್ನುತ್ತದೆ, ಹಾಲಿನಲ್ಲಿ "ಅದು" ಬರುವುದು ಅಲ್ಲಿಂದಲೇ ಎಂದು ಶೋಧಿಸಿದಳು. ಸೋಗೆ ಬಂದ್! ಅದರ ಬದಲು ಹೊಟ್ಟು, ಹತ್ತಿಕಾಳು, ನಡುನಡುವೆ ಬೇವಿನ ಸೊಪ್ಪು. ಎಮ್ಮೆಯ ಹಣೆಗೆ ಎಲ್ಲಮ್ಮನ ಭಂಡಾರದ ಅರಿಸಿನ ಹಚ್ಚಿ, "ನೀನೂ ನನ್ನ ಜೋಡಿ ಹಿಡಿ, ನನ್ನವ್ವ" ಎಂದು ಕೈ ಮುಗಿದಳು. ಎಮ್ಮೆಯ ವ್ರತ ಶುರುವಾದದ್ದು ಹೀಗೆ. ಬೇವು ಮೂಸಿದ ವ್ರತಧಾರಿಣಿ ಹಾಲು ಕರೆಯಲು ಕೂತ ನಮ್ಮ ಅವ್ವನಿಗೆ ಒದ್ದಿತು, ಕೊಡ ಉರುಳಿಸಿತು, ಹಾಲು ಅರ್ಧಕ್ಕಿಳಿಸಿತು.

ಆಮೇಲೆ ಇರುವೆಗಳ ಪರೀಕ್ಷೆ. ಅತ್ತೆ ಪಡಸಾಲೆಯಲ್ಲಿ ಹಾಲಿನ ಹನಿ ಬಿಟ್ಟು ಕಾದಳು. ಸ್ವಲ್ಪ ಹೊತ್ತಿಗೆ ಇರುವೆಗಳ ದಂಡೇ ಬಂತು. ನಾನು ಗೆದ್ದೆನೆಂದು ನಕ್ಕೆ.

"ಇರಿವಿ ಬಂದ್ರ ಏನಾತು? ಸತ್ತ ಹುಳಕ್ಕೂ ಇರಿವಿ ಬರತಾವ. ಹುಳದಾಗ ಅದು ಇರತೈತೇನು?" ಎಂದಳು ಅತ್ತೆ. ನಾನು ಮಾಸ್ತರರ ಪುಸ್ತಕ ತಿರುವಿ ಹಾಕಿದೆ, ಅದರಲ್ಲಿ ಹುಳದ ಪಾಠವೇ ಇರಲಿಲ್ಲ.

ಕೊನೆಗೆ ನಿಜವಾದ ಪ್ರಯೋಗಕ್ಕೆ ಕೈ ಹಾಕಿದೆ. ಕೆನೆ ತೆಗೆದ ಹಾಲು ಬೆಚ್ಚಗೆ ಮಾಡಿ ಲಿಂಬೆಹುಳಿ ಹಿಂಡಬೇಕಿತ್ತು. ಬೇಕೆಂದೇ ಹಾಲು ಒಡೆಸುವುದೇ? ಮನೆಯೊಳಗೆ ಕೂಡದು ಎಂದಳು ಅವ್ವ. ಕೊಟ್ಟಿಗೆಯ ಮೂಲೆಯಲ್ಲಿ ಒಲೆ ಹೂಡಿದೆ. ಅತ್ತೆ ಎಮ್ಮೆಯ ಮೋರೆಯನ್ನು ಆ ಕಡೆ ತಿರುಗಿಸಿ ಹಿಡಿದುಕೊಂಡಳು. ತನ್ನ ಹಾಲಿನ ಗತಿ ಅದು ನೋಡಬಾರದಂತೆ! ಹಾಲು ಒಡೆಯಿತು. ಅರಿವೆಯಲ್ಲಿ ಸೋಸಿದೆ. ಗಡ್ಡೆ ಬೇರೆ, ನೀರು ಬೇರೆ. ಆ ನೀರಿಗೆ ಹುಳಿ ಮುರಿಯಲು ಸಾಲಿಯ ಖಡು, ಅಂದರೆ ಸೀಮೆಸುಣ್ಣದ ಪುಡಿ ಹಾಕಿ, ಕುದಿಸಿ, ಮತ್ತೆ ಸೋಸಿ, ಪಾಕದ ಹಾಗೆ ದಪ್ಪಗಾಗುವವರೆಗೆ ಕಾಸಿ, ತಾಟಿನಲ್ಲಿ ಹರವಿ, ಮೇಲೆ ಬಿದಿರು ಬುಟ್ಟಿ ಮುಚ್ಚಿಟ್ಟೆ. ಮಾಸ್ತರರು ಅಲುಗಾಡಿಸಬೇಡ ಎಂದಿದ್ದರು. ಅತ್ತೆ ಬುಟ್ಟಿಯ ಸುತ್ತ ಸುಳಿದಾಡಿದಳೇ ಹೊರತು ಮುಟ್ಟಲಿಲ್ಲ.

ಬುಟ್ಟಿ ತೆಗೆದ ದಿನ ತಾಟಿನ ಅಂಚಿಗೆ ಬೆಳ್ಳನೆಯ ಸಣ್ಣ ಸಣ್ಣ ಹರಳು ಕಟ್ಟಿದ್ದವು. ನಾನು ಕುಣಿದೆ. ಅತ್ತೆ ತಾನು ಮುಟ್ಟದೆ ಅವ್ವನಿಗೆ, "ನೀ ನೆಕ್ಕಿ ನೋಡು" ಎಂದಳು.

ಅವ್ವ ನಾಲಿಗೆಯ ಮೇಲೆ ಹರಳಿಟ್ಟು ಬಹಳ ಹೊತ್ತು ಚಪ್ಪರಿಸಿದಳು. "ಐತಿ ಅಂದ್ರ ಐತ್ರಿ ಅಕ್ಕಾರ, ಇಲ್ಲ ಅಂದ್ರ ಇಲ್ರಿ."

"ಕೋರ್ಟಿನಾಗ ಸಾಕ್ಷಿ ಹೇಳಿದಂಗ ಹೇಳಬ್ಯಾಡ! ಐತೋ, ಇಲ್ಲೋ?"

"ಐತ್ರಿ," ಎಂದಳು ಅವ್ವ ಮೆಲ್ಲಗೆ. "ತುಸು ಸಿಹಿ ಐತ್ರಿ."

ಅತ್ತೆ ಬೈಯುತ್ತಾಳೆ, ಮಾಸ್ತರರ ವಂಶವನ್ನೆಲ್ಲ ಎತ್ತಾಡುತ್ತಾಳೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಆದರೆ ಆಕೆ ಹತ್ತಿರ ಬಂದು ನನ್ನ ಹಣೆ ಮುಟ್ಟಿದಳು. ಕೊರಳು ಮುಟ್ಟಿದಳು. ಎದೆಯ ಮೇಲೆ ಕೈ ಇಟ್ಟಳು.

"ಜ್ವರ ಬಂದಂಗ ಅನಸ್ತದೇನೋ ತಮ್ಮಾ?"

"ಇಲ್ಲ ಅತ್ತಿ. ನನಗ್ಯಾಕ ಜ್ವರ ಬರತಾವ?"

ಆಗ ಆಕೆ ಕಟ್ಟೆಯ ಮೇಲೆ ಕುಸಿದು ಕೂತು ಹೇಳಿದಳು. "ನೀ ಇನ್ನೂ ತೊಟ್ಟಲ ಕೂಸು. ಪ್ಲೇಗಿಗೆ ಅಂಜಿ ಊರ ಮಂದಿಯೆಲ್ಲಾ ಹೊಲದಾಗ ಗುಡಸಲಾ ಹಾಕ್ಕೊಂಡು ಕುಂತಿದ್ವಿ. ನಿನ್ನ ಮೈ ಕಾದ ಹಂಚ ಆಗಿತ್ತು. ವೈದ್ಯನೂ ಕೈ ಬಿಟ್ಟ. ನಿನ್ನ ತೊಡಿ ಮ್ಯಾಲ ಹಾಕ್ಕೊಂಡು ಗುಡ್ಡದ ದಿಕ್ಕಿಗೆ ಕೈ ಮುಗದೆ. ತಾಯೀ, ಇದರ ಹಣಿ ತಣ್ಣಗ ಮಾಡು, ನನ್ನ ಜೀವ ಇರೂತನಕ ಅದನ್ನ ಬಾಯಾಗ ಹಾಕೂದಿಲ್ಲ ಅಂದೆ. ಈಗ ನೋಡಿದ್ರ ದಿನಾ ಕುಡಕೋತ ಬಂದೇನಿ..."

ನಾನು ಆಕೆಯ ಪಕ್ಕದಲ್ಲಿ ಹೋಗಿ ಕೂತೆ. "ಅತ್ತಿ, ಇಷ್ಟ ವರ್ಷ ಕುಡದಿ, ನನಗೇನಾಗೇತಿ? ಗುಂಡಕಲ್ಲ ಇದ್ದಂಗ ಅದೇನಿ. ಎಲ್ಲಮ್ಮ ಎಲ್ಲಾ ಮಾಫ ಮಾಡ್ಯಾಳ."

"ಗೊತ್ತಿಲ್ಲದ್ದಕ್ಕ ಮಾಫ ಮಾಡ್ಯಾಳ. ಈಗ ಗೊತ್ತಾಗೇತಲ್ಲೋ!"

ಹಿತ್ತಾಳೆ ಲೋಟ ಅಡುಗೆಮನೆಯ ಮಾಡದಲ್ಲಿ ಬೋರಲು ಬಿತ್ತು. ಇನ್ಸ್ಪೆಕ್ಟರ್ ಸಾಹೇಬರು ನನ್ನ ಹರಳಿನ ಪೊಟ್ಟಣ ನೋಡಿ "ಶಾಬಾಸ್" ಎಂದರು. ಆ ಶಾಬಾಸ್‌ಗಿರಿ ಹೊತ್ತು ಮನೆಗೆ ಬಂದರೆ, ಅತ್ತೆ ಸಂಜೆಯ ಹೊತ್ತಿನಲ್ಲಿ ಬರಿಗೈಯಲ್ಲಿ ಎಮ್ಮೆಯ ಬೆನ್ನು ಸವರುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ತಿರುಗಿ ಸಾಲಿಗೆ ಓಡಿದೆ.

"ಮಾಸ್ತರ, ಸಕ್ರಿ ಎಲ್ಲಾ ನೀರಿನಾಗ ಹೋತು. ಹಂಗಾರ ಗಡ್ಡಿಯೊಳಗ ಏನ ಉಳೀತ್ರಿ?"

ಮಾಸ್ತರರು ನನ್ನ ಮೋರೆ ನೋಡಿ ಸಂಗತಿ ಕೇಳಿ ತಿಳಿದುಕೊಂಡರು. "ಚಲೋತಂಗ ತೊಳಿ. ಮತ್ತ ಮತ್ತ ತೊಳಿ. ಸಿಹಿ ನೀರಿನ ಜೋಡಿ ಹೋಗತೈತಿ," ಎಂದರು.

ಅಂದಿನಿಂದ ಸಂಜೆಯ ಹಾಲನ್ನು ನಾನೇ ಒಡೆಸುತ್ತಿದ್ದೆ. ಗಡ್ಡೆಯನ್ನು ತಿಳಿನೀರು ಬರುವವರೆಗೆ ತೊಳೆದು, ಹಿಂಡಿ, ಉಪ್ಪು ಮತ್ತು ಹಸಿಮೆಣಸಿನಕಾಯಿ ಕುಟ್ಟಿ ಬೆರೆಸಿ ಅತ್ತೆಯ ಮುಂದಿಡುತ್ತಿದ್ದೆ. ಸಕ್ಕರೆಯ ನೀರು ಎಮ್ಮೆಯ ಪಾಲು. ಅದರ ವ್ರತ ಮುಗಿದಿತ್ತು, ಸೋಗೆಯೂ ಮರಳಿ ಬಂದಿತ್ತು.

ಧಾರವಾಡಕ್ಕೆ ಓದಲು ಹೋಗುವ ತನಕ ಇದು ತಪ್ಪಲಿಲ್ಲ. ಪ್ರತಿ ಸಂಜೆ ಮೊದಲ ಚೂರು ನನ್ನ ಬಾಯಿಗೇ ಬರುತ್ತಿತ್ತು.

"ಸಿಹಿ ಐತೇನೋ?"

"ಇಲ್ಲ ಅತ್ತಿ."

ಆಕೆ ನನ್ನ ಮಾತನ್ನು ನಂಬುತ್ತಿದ್ದಳು. ಆದರೂ ಕೈ ಚಾಚಿ ನನ್ನ ಹಣೆಯ ಮೇಲೆ ಇಡುತ್ತಿದ್ದಳು. ಈಗ ನಾನೇ ತಲೆ ಬಾಗಿಸಿ ಕೊಡುತ್ತಿದ್ದೆ. ಹಣೆ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆಯೇ ಅತ್ತೆ ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.