ಮರದಿಂದ ಇಳಿದ ಮೇಲೆ

ನಮ್ಮ ಚಿಕ್ಕಪ್ಪನ ಪ್ರಕಾರ ಮನುಷ್ಯ ಇನ್ನೂ ಪೂರ್ತಿ ತಯಾರಾಗಿಲ್ಲ. ಬಾಲ ಉದುರಿದೆ, ಮೈಮೇಲಿನ ರೋಮ ಉದುರಿದೆ, ಕೋಪ ಉದುರುವುದೊಂದು ಬಾಕಿ. ಅದೂ ಉದುರಿದ ದಿನ ಪೊಲೀಸ್ ಠಾಣೆಗಳಲ್ಲೆಲ್ಲ ರೇಷ್ಮೆಹುಳು ಸಾಕಬಹುದಂತೆ! ಚಿಕ್ಕಪ್ಪನ ತಲೆಯಂತೂ ಪೂರ್ತಿ ಬೋಳು. ಆ ಮಟ್ಟಿಗೆ ಅವರು ನಮಗಿಂತ ಮುಂದಿದ್ದಾರೆ ಎಂದು ಒಪ್ಪಲೇಬೇಕು.

ಒಮ್ಮೆ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನಿಗೂ ಆ ಸೀಟಿನಲ್ಲಿ ಕೂತವನಿಗೂ ಜಗಳ ಹತ್ತಿತು. ಚಿಕ್ಕಪ್ಪ ನಡುವೆ ತೂರಿದರು.

"ಅಣ್ಣಾ, ಇದು ನಿಮ್ ಕೋಪ ಅಲ್ಲ. ಗುಹೇಲಿದ್ದಾಗಿಂದು. ಸುಮ್ನೆ ಹೊತ್ಕೊಂಡ್ ತಿರುಗ್ತಿದೀರ."

ಇಬ್ಬರೂ ಜಗಳ ಬಿಟ್ಟು ಇವರನ್ನು ಹಿಡಿದುಕೊಂಡರು. ಅಂಗಿಯ ಗುಂಡಿಗಳು ಹೋದವು. ಬಸ್ಸಿನಿಂದ ಇಳಿದ ಮೇಲೆ ಚಿಕ್ಕಪ್ಪ ಹೇಳಿದ್ದೇನು ಗೊತ್ತೆ?

"ನೋಡಿದ್ಯೇನೋ, ಇಬ್ರೂ ಒಂದಾದ್ರು."

ಇಂಥವರ ಜೊತೆ ಸ್ವಂತ ಅಣ್ಣ, ಅಂದರೆ ನಮ್ಮಪ್ಪ, ಮಾತು ಬಿಟ್ಟು ವರ್ಷಗಳಾಗಿವೆ. ಕಾರಣ, ಇಬ್ಬರ ಹೊಲದ ನಡುವಿನ ಬದುವಿನಲ್ಲಿರುವ ಹುಣಸೆಮರ.

"ಮರದಿಂದ ಇಳ್ದು ಎಷ್ಟು ಕಾಲ ಆಯ್ತು. ಇನ್ನೂ ಮರಕ್ಕೇ ಕಿತ್ತಾಡ್ತೀವಲ್ಲೋ," ಎಂದು ಚಿಕ್ಕಪ್ಪ ನಗುತ್ತಿದ್ದರು. ಆಮೇಲೆ ಮೆಲ್ಲಗೆ, "ಅಣ್ಣ ಸರಿಯಾಗಿ ಊಟ ಮಾಡ್ತಾನಾ?" ಎನ್ನುತ್ತಿದ್ದರು. ಕೊನೆಗೆ ಮರ ನಿನ್ನದೇ ಎಂದು ಹೇಳಿಕಳಿಸಿದರು. ಅಪ್ಪ ಮರವನ್ನು ತೆಗೆದುಕೊಂಡರು, ಮಾತು ಮಾತ್ರ ಆಡಲಿಲ್ಲ.

ಈಚೆಗೆ ನಾವಿಬ್ಬರೂ ಆವನಿ ಬೆಟ್ಟ ಹತ್ತುವಾಗ ಎರಡು ಕೋತಿಗಳು ಬಾಳೆಹಣ್ಣಿಗೆ ಕಚ್ಚಾಡಿದವು. ಸ್ವಲ್ಪ ಹೊತ್ತಿಗೆ ಒಂದು ಇನ್ನೊಂದರ ಬೆನ್ನ ಹಿಂದೆ ಕೂತು ಹೇನು ಹೆಕ್ಕತೊಡಗಿತು. ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತರು. ಅಷ್ಟರಲ್ಲಿ ಮೂರನೆಯ ಕೋತಿ ಅವರ ಚಿತ್ರಾನ್ನದ ಡಬ್ಬಿಯನ್ನು ಹೊತ್ತೊಯ್ದಿತು.

"ಹೋಗ್ಲಿ ಬಿಡೋ," ಎಂದರು, ಹೇನು ಹೆಕ್ಕುತ್ತಿದ್ದ ಕೋತಿಯಿಂದ ಕಣ್ಣು ತೆಗೆಯದೆ. "ಬಾಲದ ಜೊತೆ ಇದನ್ನೂ ಯಾಕೆ ಬಿಟ್ವೋ ನಾವು?"

ಈ ಸಲ ಅವರು ನಗಲಿಲ್ಲ.

ಮಾರನೆಯ ಸಂಜೆ ನಮ್ಮ ಮನೆಗೆ ಬಂದರು. ಕಣದಲ್ಲಿ ರಾಗಿ ತೂರಿ ಬಂದು ಜಗಲಿಯಲ್ಲಿ ಕೂತಿದ್ದ ಅಪ್ಪ ತಮ್ಮನನ್ನು ಕಂಡು ಬೆನ್ನು ತಿರುಗಿಸಿದರು. ಚಿಕ್ಕಪ್ಪ ಮಾತಿಲ್ಲದೆ ಹಿಂದೆ ಕೂತು, ಅಪ್ಪನ ಕೂದಲಲ್ಲಿ ಸಿಕ್ಕಿಕೊಂಡ ರಾಗಿ ಹೊಟ್ಟನ್ನು ಒಂದೊಂದಾಗಿ ಹೆಕ್ಕತೊಡಗಿದರು. ಅಪ್ಪ ಎದ್ದು ಬೈಯುತ್ತಾರೆಂದು ನಾನು ಬಾಗಿಲಲ್ಲೇ ನಿಂತೆ. ಏಳಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಆಡಲಿ ಎಂದು ನನ್ನ ಜೀವ ಹಂಬಲಿಸಿತು. ಆಡಲಿಲ್ಲ. ಕೊನೆಗೆ ಚಿಕ್ಕಪ್ಪ ಕೈ ಕೊಡವಿಕೊಂಡು, ನನ್ನ ಕಡೆಗೂ ನೋಡದೆ ಹೊರಟುಹೋದರು.

ಅಪ್ಪ ಹಾಗೆಯೇ ಬೆನ್ನು ಹಾಕಿ ಕೂತಿದ್ದರು.

"ಹೋದ್ನಾ?"

"ಹೂಂ ಅಪ್ಪಾ."

ಅಪ್ಪ ಒಮ್ಮೆ ತಲೆ ಸವರಿಕೊಂಡರು.

"ಇನ್ನೊಂದ್ ಗಳಿಗೆ ಕೂತಿದ್ರೆ ಏನಾಗ್ತಿತ್ತಂತೆ ಅವ್ನಿಗೆ."