ಎದೆಯೊಳಗಿನ ಕೋಟಿಂಗು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಚನ್ನವೀರೇಶನಿಗೆ ಬೇಕಾಗಿದ್ದುದು ಒಂದೇ: ನಾಲಗೆ ಸುಡುವಂಥ ಒಂದು ಲೋಟ ಕಾಫಿ. ಅಂದು ಬೆಳಗ್ಗೆಯೂ ಹೆಂಡತಿ ಕಮಲಾಕ್ಷಮ್ಮ ತಂದಿಟ್ಟ ಲೋಟದಲ್ಲಿ ಹಬೆಯ ಸುಳಿವೇ ಇರಲಿಲ್ಲ. ಬೆರಳು ಅದ್ದಿ ನೋಡಿದ. ಎಳೆಮಗುವಿಗೆ ಸ್ನಾನ ಮಾಡಿಸಬಹುದಾದಷ್ಟು ಹದವಾಗಿತ್ತು.

"ಇದೇನೇ ಇದು, ಕಾಫೀನಾ ಕಲಗಚ್ಚಾ?"

"ಸುಮ್ನೆ ಕುಡೀರಿ. ಒಳಗಿರೋದು ಹೊಸ ಕೋಟಿಂಗು, ಜೋರು ಬಿಸಿ ತಾಗಬಾರ್ದು."

ಈ ಮಾತಿನ ಮೂಲ ಹುಡುಕಲು ದೂರ ಹೋಗಬೇಕಿರಲಿಲ್ಲ. ನಾಯಂಡಹಳ್ಳಿಯಲ್ಲಿ ಚನ್ನವೀರೇಶನದೇ ಒಂದು ಅಂಗಡಿ. ಕಿತ್ತುಹೋದ ನಾನ್‌ಸ್ಟಿಕ್ ತವಾಗಳಿಗೆ ಹೊಸ ಕೋಟಿಂಗ್ ಹಾಕಿಕೊಡುವುದು ಅವನ ಕಸುಬು. ಬಾಪೂಜಿ ನಗರದ ಅವನ ಬೀದಿಯ ತವಾಗಳೆಲ್ಲ ಅವನ ಕೈದಾಟಿ ಬಂದವೇ. ಹಳೆಯ ಕೋಟಿಂಗನ್ನು ಪೂರ್ತಿ ಕೆರೆದು ತೆಗೆಯುವಷ್ಟು ತಾಳ್ಮೆ ಅವನಿಗಿರಲಿಲ್ಲ. ಮೇಲೆಯೇ ಬಳಿದು, ತವಾದ ಜೊತೆ ಒಂದಿಷ್ಟು ಬುದ್ಧಿವಾದ ಕೊಡುತ್ತಿದ್ದ. "ಜೋರು ಉರಿ ಬೇಡಿ, ಹುಳಿ ತಾಗಿಸ್ಬೇಡಿ, ಸ್ಟೀಲ್ ಸೌಟು ಮುಟ್ಟಿಸ್ಲೇಬೇಡಿ." ಆಮೇಲೆ ಕಿತ್ತು ಬಂದರೆ, "ನೋಡಿ, ನಾನು ಹೇಳಿರ್ಲಿಲ್ವಾ?" ಎಂದರೆ ಮುಗಿಯಿತು.

ಹೃದಯದ ರಕ್ತನಾಳದೊಳಗೆ ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಕೂರಿಸಿ, "ಇದರ ಮೇಲೂ ಕೋಟಿಂಗ್ ಇರುತ್ತೆ" ಎಂದು ಡಾಕ್ಟರು ಹೇಳಿದ್ದೇ ತಡ, ಕಮಲಾಕ್ಷಮ್ಮ ಗಂಡನ ಬುದ್ಧಿವಾದವನ್ನೆಲ್ಲ ಗಂಡನ ಮೇಲೇ ಪ್ರಯೋಗಿಸಿದಳು.

ತಿಂಡಿಗೆ ಕೂತರೆ ಎದುರುಮನೆಯ ಲಕ್ಷ್ಮಿದೇವಮ್ಮ ಹಾಜರು. "ಅಯ್ಯಯ್ಯೋ, ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಿದೀರಾ! ಟೊಮೇಟೊ ಗೊಜ್ಜು ಮಾಡಿದ್ದಕ್ಕೇ ನನ್ನ ತವಾ ಹಾಳಾಯ್ತು ಅಂತ ಬೈದಿದ್ರಲ್ಲ ವೀರೇಶಣ್ಣ!" ತಟ್ಟೆ ಒಳಗೆ ಹೋಯಿತು. ಸಪ್ಪೆ ಉಪ್ಪಿಟ್ಟು ಬಂತು. ಅಷ್ಟರಲ್ಲಿ ಮಹಡಿಮನೆಯ ಮುನಿರಾಮಯ್ಯ ಇಳಿದು ಬಂದು, ಅವನ ಕೈಯಿಂದ ಸ್ಟೀಲ್ ಚಮಚ ಕಿತ್ತುಕೊಂಡು, ದೋಸೆ ಮಗುಚುವ ಮರದ ಸಟ್ಟುಗ ಕೊಟ್ಟರು. "ಇದ್ರಲ್ಲಿ ತಿನ್ನಿ ಸಾರ್. ಗೀರು ಬೀಳಲ್ಲ."

ಸಟ್ಟುಗದಲ್ಲಿ ಉಪ್ಪಿಟ್ಟು ತಿನ್ನಲು ಹೋಗಿ ಅರ್ಧ ಮೀಸೆಗಾಯಿತು. ಚನ್ನವೀರೇಶನಿಗೆ ಅಳುವೇ ಬಂತು. ಆದರೂ ಒಳಗೊಳಗೇ ಒಂದು ಅಳುಕು. ಕೋಟಿಂಗ್ ಎಂಬುದು ಹೇಗೆಲ್ಲ ಕಿತ್ತೇಳುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದೇ ತಪಾಸಣೆಯಿತ್ತು. ಡಾಕ್ಟರ ಬಾಯಿಂದಲೇ, ಹೆಂಡತಿಯ ಎದುರಿಗೇ ಕೇಳಿಬಿಡೋಣವೆಂದು ಹೊರಟ. ಲಕ್ಷ್ಮಿದೇವಮ್ಮ ಕರೆಯದೆಯೇ ಆಟೋ ಹತ್ತಿದರು.

ಡಾಕ್ಟರ್ ಚೇತನಾ ಎಲ್ಲ ಕೇಳಿ ಬಿದ್ದು ಬಿದ್ದು ನಕ್ಕರು. "ಕಾಫಿ ಹೊಟ್ಟೆಗೆ ಹೋಗುತ್ತೆ ಅಂಕಲ್, ಸ್ಟೆಂಟಿಗೆ ತಾಗೋದೇ ಇಲ್ಲ. ನಿಂಬೆಹಣ್ಣೂ ಅಷ್ಟೇ. ಬಿಸಿಬಿಸಿ ಕಾಫಿ ಕುಡೀರಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರೋ ಗುಳಿಗೆ ಒಂದು ದಿನಾನೂ ತಪ್ಪಿಸ್ಬೇಡಿ."

"ಕೇಳಿದ್ಯೇನೇ?" ಎಂದು ಚನ್ನವೀರೇಶ ಹೆಂಡತಿಯ ಕಡೆ ಗೆದ್ದವನಂತೆ ನೋಡಿದ. ಅಲ್ಲಿಗೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಕಸುಬಿನ ಕುತೂಹಲ ಕೆರಳಿತ್ತಲ್ಲ! "ಅಲ್ಲ ಮೇಡಂ, ರಕ್ತದೊಳಗೆ ಕೋಟಿಂಗ್ ಯಾಕೆ?"

"ಬರೀ ಲೋಹ ಸಿಕ್ಕಿದ್ರೆ ರಕ್ತಕ್ಕೆ ಆಗಲ್ಲ. ಅಂಟ್ಕೊಂಡು ಹೆಪ್ಪುಗಟ್ಟೋಕೆ ಶುರು ಮಾಡುತ್ತೆ. ಕೋಟಿಂಗ್ ಇದ್ರೆ ಅಂಟೋದು ಕಮ್ಮಿ. ಕೆಲವಂತೂ ನಿಮ್ಮ ನಾನ್‌ಸ್ಟಿಕ್‌ಗೆ ದೂರದ ನೆಂಟರೇ!"

ಚನ್ನವೀರೇಶ ಉಬ್ಬಿಹೋದ. "ದಿನವಿಡೀ ರಕ್ತ ಉಜ್ತಾನೇ ಇರುತ್ತಲ್ಲ, ಕಿತ್ತು ಬರಲ್ವಾ?"

"ಮೊದಲು ಲೋಹಾನ ಚೆನ್ನಾಗಿ ಶುಚಿ ಮಾಡಿ, ನುಣುಪು ಮಾಡಿ, ಆಮೇಲೆ ಹಾಕ್ತಾರೆ. ನಿಮ್ಮಲ್ಲೂ ಹಾಗೇನಾ?"

"ಮತ್ತಿನ್ನೇನು ಮೇಡಂ! ಕೆಳಗಿನ ಕೆಲಸ ಸರಿಯಾಗಿದ್ರೆ ಉರಿ, ಹುಳಿ ಏನೂ ಮಾಡಲ್ಲ. ಹಳೇದನ್ನ ಕೆರೀದೆ ಮೇಲೆ ಬಳಿದ್ರೆ, ದೇವರ ಕೋಣೇಲಿಟ್ಟು ಪೂಜೆ ಮಾಡಿದ್ರೂ ಕಿತ್ತೇ ಬರುತ್ತೆ!"

ಹೇಳಿ ಮುಗಿಸಿದ ಮೇಲೆ ಹಿಂದೆ ಲಕ್ಷ್ಮಿದೇವಮ್ಮ ಕೂತಿರುವುದು ನೆನಪಾಯಿತು. ಅವರು ಮೊಬೈಲ್ ಹಿಡಿದು ಹೊರಗೆ ಹೋದರು.

ಮನೆಗೆ ಬರುತ್ತಲೇ ಕಮಲಾಕ್ಷಮ್ಮ ಡಾಕ್ಟರು ಹೇಳಿದಂತೆ ಹಬೆಯಾಡುವ ಕಾಫಿ ತಂದಿಟ್ಟಳು. ಆಹಾ, ಆ ಪರಿಮಳ! ಲೋಟ ತುಟಿಯ ಹತ್ತಿರ ಬಂದಿತ್ತು, ಬಾಗಿಲು ಬಡಿದ ಸದ್ದಾಯಿತು.

ತವಾ ಹಿಡಿದು ಮುನಿರಾಮಯ್ಯ ನಿಂತಿದ್ದರು. ಹಿಂದೆ ಬೀದಿಗೆ ಬೀದಿಯೇ ತವಾ ಹಿಡಿದು ನಿಂತಿತ್ತು. "ನೀನೇ ಉರಿ ಜೋರು ಮಾಡಿ ತವಾ ಕೆಡಿಸ್ದೆ ಅಂತ ನಾನು ನನ್ನ ಹೆಂಡ್ತಿ ಹತ್ರ ಎಷ್ಟು ಜಗಳ ಆಡಿದೀನಿ ಗೊತ್ತಾ ಸಾರ್?" ಎಂದರು ಮುನಿರಾಮಯ್ಯ. ಚನ್ನವೀರೇಶ ಒಬ್ಬೊಬ್ಬರಿಗೂ ಕೈಮುಗಿದು, "ಪೂರ್ತಿ ಕೆರೆದು ಹೊಸದಾಗಿ ಹಾಕ್ಕೊಡ್ತೀನಿ" ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಅವನ ಗಂಟಲು ಒಣಗಿತ್ತು. ವರಾಂಡದಲ್ಲಿ ತವಾಗಳ ಗುಡ್ಡೆಯೆದ್ದಿತ್ತು.

ಒಳಗೆ ಬಂದು ಲೋಟಕ್ಕೆ ಬೆರಳು ಅದ್ದಿದ. ಬೆಳಗಿನದೇ ಹದ.

"ಇನ್ನೊಂದ್ಸಲ ಬಿಸಿ ಮಾಡ್ಕೊಡೇ," ಎಂದು ಗೋಗರೆದ.

"ಯಾವುದ್ರಲ್ಲಿ ಮಾಡ್ಲಿ?" ಎಂದಳು ಕಮಲಾಕ್ಷಮ್ಮ. "ಕಾಫಿ ಕಾಯ್ಸೋ ಪಾತ್ರೆಗೂ ನೀವೇ ತಾನೆ ಕೋಟಿಂಗ್ ಹಾಕಿದ್ದು? ಅದನ್ನೂ ಆ ಗುಡ್ಡೆ ಮೇಲೆ ಇಟ್ಟು ಬಂದೆ."