ಹತ್ತು ಡಾಲರ್ ಉಳಿಸಿಕೊಟ್ಟ ಹಸಿರು ಪಟ್ಟಿ

ದೆವ್ವದ ಕಾಡಿಗೆ ಹೋಗಲು ನನಗೆ ಖರ್ಚಾದದ್ದು ಮೂವತ್ತು ಡಾಲರ್. ಆಗಬೇಕಿದ್ದದ್ದು ನಲವತ್ತು. ಆ ಹತ್ತು ಡಾಲರ್ ಉಳಿಸಿದ ಮಹಾನುಭಾವ ನಾನೇ!

ಎರಡು ಸಾವಿರದ ಐದೋ ಆರೋ ಇಸವಿ. ಆಗ ನಾವು ಆಕ್ಲೆಂಡಿನ ನ್ಯೂ ಲಿನ್‌ನಲ್ಲಿದ್ದೆವು. ಮೈಸೂರಿನಿಂದ ಎರಡು ಸೂಟ್‌ಕೇಸ್ ಹಿಡಿದು ಬಂದವನು ನಾನು. ಸೋಫಾ, ಫ್ರಿಜ್ಜು, ಹುಲ್ಲು ಕತ್ತರಿಸುವ ಮಷೀನು, ಎಲ್ಲವನ್ನೂ ಜನ ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ಗಳಲ್ಲಿ ಚೌಕಾಸಿ ಮಾಡಿಯೇ ಸಂಪಾದಿಸಿದ್ದೆ. ಹೊಸದಾಗಿ ಬಂದ ಕನ್ನಡದವರು ಕಾರು ಕೊಳ್ಳುವ ಮೊದಲು ನನ್ನನ್ನು ಕೇಳುತ್ತಿದ್ದರು. ಕೇಳದಿದ್ದರೂ ನಾನು ಹೇಳುತ್ತಿದ್ದೆ.

ಮಗಳು ಮೇಘನಾಗೆ ಆಗ ಹನ್ನೆರಡು ತುಂಬಿತ್ತು. ಹ್ಯಾಲೋವೀನ್‌ಗೆಂದು ಊರಾಚೆಯ ಪೈನ್ ತೋಪಿನಲ್ಲಿ ದೆವ್ವದ ಕಾಡು ಮಾಡಿದ್ದರು. ಮುಸ್ಸಂಜೆಯಲ್ಲಿ ಒಳಗೆ ಹೋದರೆ ವೇಷ ಹಾಕಿದವರು ಮರಗಳ ಹಿಂದಿನಿಂದ ಹಾರಿ ಹೆದರಿಸುತ್ತಾರೆ. ತಡೆಯಲಾಗದವರು ಹೊರಬೀಳಲು ನಡುವೆ ಒಂದು ಹಳದಿ ಗೇಟು. ಮೇಘನಾಳ ಗೆಳತಿಯರು ಮೂವರೂ ಹಿಂದಿನ ವಾರ ಹೋಗಿ ಹಳದಿ ಗೇಟಿನಿಂದಲೇ ಓಡಿಬಂದಿದ್ದರು. ತಾನು ಕೊನೆಯವರೆಗೂ ಹೋಗಿ, ಸೋಮವಾರ ಶಾಲೆಯಲ್ಲಿ ಅದನ್ನು ವರ್ಣಿಸುತ್ತೇನೆಂದು ಇವಳು ಸವಾಲು ಹಾಕಿಬಿಟ್ಟಿದ್ದಳು. ವಾರವಿಡೀ ಮನೆಯಲ್ಲಿ ಅದೇ ಮಾತು.

ಆಸ್ಪತ್ರೆಯ ಪಾಳಿಗೆ ಹೊರಟಿದ್ದ ಹೆಂಡತಿ ಸುಧಾ, "ಅಲ್ಲಾದ್ರೂ ಚೌಕಾಸಿ ಮಾಡ್ಬೇಡಿ. ಮಗು ಮರ್ಯಾದೆ ಪ್ರಶ್ನೆ" ಅಂದಳು.

ನಾನು ಚೌಕಾಸಿ ಮಾಡಲಿಲ್ಲ. ಕೌಂಟರಿನ ಮೇಲೆ ದೊಡ್ಡವರಿಗೆ ಇಪ್ಪತ್ತು, ಹತ್ತು ವರ್ಷದೊಳಗಿನವರಿಗೆ ಅದರ ಅರ್ಧ ಎಂದು ಬರೆದಿತ್ತು. ಮಗಳು ನೋಡಲು ಸಣ್ಣಗಿದ್ದಳು. ನಮ್ಮಮ್ಮ ಬಸ್ಸಿನಲ್ಲಿ ನನ್ನನ್ನು ಎಷ್ಟೋ ವರ್ಷ ಅರ್ಧ ಟಿಕೆಟ್ಟಿನ ವಯಸ್ಸಿನಲ್ಲೇ ಇಟ್ಟಿದ್ದರು. ಕಂಡಕ್ಟರ್ ಬಂದಾಗ ಸೀಟಿನಲ್ಲಿ ಕುಗ್ಗಿ ಕೂರುವುದು ನಮ್ಮಲ್ಲಿ ವಂಶಪಾರಂಪರ್ಯದ ವಿದ್ಯೆ.

"ಒಂದು ದೊಡ್ಡದು, ಒಂದು ಮಗು. ಒಂಬತ್ತು ವರ್ಷ" ಅಂದೆ.

ಮೇಘನಾ ನನ್ನ ಅಂಗಿ ಎಳೆದಳು. ಕೌಂಟರಿನ ಹೆಂಗಸು ನಗುತ್ತಾ ಅವಳ ಕೈಗೆ ಹೊಳೆಯುವ ಹಸಿರು ಪಟ್ಟಿ ಕಟ್ಟಿದಳು. ಹತ್ತರೊಳಗಿನ ಮಕ್ಕಳಿಗೆ ಇದು ಕಡ್ಡಾಯವಂತೆ. ಇದನ್ನು ಕಂಡರೆ ಯಾವ ದೆವ್ವವೂ ಹೆದರಿಸುವುದಿಲ್ಲವಂತೆ.

ಮಗಳ ಮುಖ ನೋಡಿದೆ. ನಿಜ ಹೇಳಲು ಇನ್ನೂ ಸಮಯವಿತ್ತು. ಆದರೆ ಹಿಂದೆ ಉದ್ದನೆಯ ಸಾಲೂ ಇತ್ತು. "ಥ್ಯಾಂಕ್ಯೂ" ಅಂದೆ.

ಒಳಗೆ ಮೊದಲು ಸಿಕ್ಕಿದ್ದು ರಕ್ತ ಮೆತ್ತಿಕೊಂಡ ಮದುಮಗಳು. ಕಿರುಚುತ್ತಾ ಹಾರಿ ಬಂದವಳು ಪಟ್ಟಿ ಕಂಡದ್ದೇ ಬಗ್ಗಿ, ಅಲ್ಲಿ ಬೇರು ಇದೆ ಪುಟ್ಟಾ, ಎಡವಬೇಡ ಎಂದು ಎಚ್ಚರಿಸಿದಳು. ಕೊಡಲಿಯವನು ಟಾಟಾ ಮಾಡಿದ. ಅಸ್ಥಿಪಂಜರ ಮಿಠಾಯಿ ಕೊಟ್ಟಿತು.

"ಸೋಮವಾರ ನಾನೇನು ಹೇಳಲಿ? ದೆವ್ವ ಮಿಠಾಯಿ ಕೊಡ್ತು ಅಂತಲಾ?" ಎಂದು ಕೇಳುತ್ತಾ ಮೇಘನಾ ಆ ಮಿಠಾಯಿಯನ್ನು ನನ್ನ ಜೇಬಿಗೆ ತುರುಕಿದಳು. ಕೇಳಿದ್ದು ಇಂಗ್ಲಿಷಿನಲ್ಲಿ. ಚುಚ್ಚಿದ್ದು ಕನ್ನಡದಲ್ಲಿ.

ಅವಳ ಪಾಲಿನ ಹೆದರಿಕೆಯನ್ನೂ ಸೇರಿಸಿ ಕೊಡಲು ದೆವ್ವಗಳು ನನ್ನ ಕಡೆ ತಿರುಗಿದವು. ಗರಗಸದ ಮಷೀನು ಗುರ್ರೆನ್ನಿಸುತ್ತಾ ಒಬ್ಬ ಬಂದ. ಅದಕ್ಕೆ ಹಲ್ಲಿಲ್ಲವೆಂದೂ, ಇವರು ಯಾರನ್ನೂ ಮುಟ್ಟುವ ಹಾಗಿಲ್ಲವೆಂದೂ ಬೋರ್ಡು ಓದಿ ನಾನೇ ಮಗಳಿಗೆ ವಿವರಿಸಿದ್ದೆ. ನನಗೆ ಎಲ್ಲ ಗೊತ್ತಿತ್ತು. ನನ್ನ ಕಾಲುಗಳಿಗೆ ಗೊತ್ತಿರಲಿಲ್ಲ!

ಓಡಿದೆ. ಒಂದು ಶೂ ಕೆಸರಿನಲ್ಲೇ ಉಳಿಯಿತು. ಸಿಕ್ಕಿದ ಮರವನ್ನು ತಬ್ಬಿಕೊಂಡೆ. ಮರ, "ಆರ್ ಯು ಓಕೆ, ಮೇಟ್?" ಅಂದಿತು.

ತರುವಾಯ ಸದರಿ ತಂದೆಯು ಹಳದಿ ಗೇಟಿನ ದಿಕ್ಕಿನಲ್ಲಿ ಪ್ರಯಾಣ ಬೆಳೆಸಿದನು. ಗೇಟಿಗೆ ಅಡ್ಡವಾಗಿ ಮೇಘನಾ ನಿಂತಿದ್ದಳು, ಕೈಯಲ್ಲಿ ನನ್ನ ಶೂ.

"ಇಲ್ಲ ಅಪ್ಪಾ. ಇಲ್ಲಿಂದ ಹೋಗೋ ಹಾಗಿಲ್ಲ."

ಅವಳು ಆಡಿದ ಅಪರೂಪದ ಕನ್ನಡ ಅದು. ನನ್ನ ಕೈ ಹಿಡಿದು, ಪಟ್ಟಿ ಕಟ್ಟಿದ ಇನ್ನೊಂದು ಕೈಯನ್ನು ದೀಪದಂತೆ ಎತ್ತಿಕೊಂಡು ಮುಂದೆ ನಡೆದಳು. ದೆವ್ವಗಳು ದಾರಿ ಬಿಟ್ಟವು. ಆ ಪುಟ್ಟ ಕೈಯ ಬಿಸಿ, ಪೈನ್ ಎಲೆಗಳ ವಾಸನೆ, ನನ್ನ ಒದ್ದೆ ಸಾಕ್ಸಿನ ಪಚಪಚ, ಒಂದೂ ಮರೆತಿಲ್ಲ.

ಕೊನೆಯಲ್ಲಿ ಅವಳಿಗೊಂದು ಸರ್ಟಿಫಿಕೇಟು ಕೊಟ್ಟರು: ಧೈರ್ಯವಂತೆ ಮೇಘನಾ, ವಯಸ್ಸು ಒಂಬತ್ತು. ವಯಸ್ಸಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಅಮ್ಮನಿಗೆ ತೋರಿಸಿದಳು. ಸೋಮವಾರ ಶಾಲೆಯಲ್ಲಿ ಹೇಳಲು ಅವಳ ಬಳಿ ಭರ್ಜರಿ ಕಥೆಯಿತ್ತು. ಅದರಲ್ಲಿ ದೆವ್ವಗಳು ಕಡಿಮೆ, ನಾನು ಜಾಸ್ತಿ.

ಹೋದ ಅಕ್ಟೋಬರಿನಲ್ಲಿ ಅವಳೇ ನನ್ನನ್ನು ಅಂಥದ್ದೇ ಇನ್ನೊಂದು ಕಾಡಿಗೆ ಕರೆದೊಯ್ದಳು. ಕೌಂಟರಿನಲ್ಲಿ, "ಒಂದು ದೊಡ್ಡದು, ಒಂದು ಸೀನಿಯರ್. ಅರವತ್ತೈದು ವರ್ಷ" ಅಂದಳು. ನನಗೆ ಇನ್ನೂ ಅರವತ್ತಾಗಿಲ್ಲ. ಅವಳ ಅಂಗಿ ಎಳೆದೆ. ಕೌಂಟರಿನ ಹುಡುಗಿ ನನ್ನನ್ನು ಒಮ್ಮೆ ನೋಡಿದಳು, ಗುರುತಿನ ಕಾರ್ಡು ಕೂಡ ಕೇಳಲಿಲ್ಲ. ಸುಮ್ಮನೆ ನನ್ನ ಕೈಗೆ ಹಸಿರು ಪಟ್ಟಿ ಕಟ್ಟಿದಳು. ಅರವತ್ತೈದಾದವರಿಗೂ ಅರ್ಧ ಟಿಕೆಟ್ಟು, ಜೊತೆಗೆ ಪಟ್ಟಿಯೂ ಕಡ್ಡಾಯವಂತೆ.

ಆದ್ದರಿಂದ ಓದುಗರೇ, ಮಕ್ಕಳ ನಿಜವಾದ ವಯಸ್ಸು ಹೇಳಿ. ಅವರು ನೋಡಿ ಕಲಿಯುತ್ತಾರೆ. ಲೇಸ್ ಬಿಗಿದು ಕಟ್ಟಿ. ಮರವನ್ನು ತಬ್ಬುವ ಮೊದಲು ಮಾತಾಡಿಸಿ ನೋಡಿ. ಪಟ್ಟಿ ಕೊಟ್ಟರೆ ಮಾತ್ರ ಅಭಿಮಾನಕ್ಕೆ ಬಿದ್ದು ಬೇಡ ಅನ್ನಬೇಡಿ. ನಾನಂತೂ, ಅದೇ ಟಿಕೆಟ್ಟಿನಲ್ಲಿ ಇನ್ನೊಂದು ಕೈಗೂ ಒಂದು ಬರುತ್ತದೆಯೇ ಎಂದು ಕೇಳಿದೆ.